ಒಂದು ಸದ್ದೂ ತೆಗೆಯುವಂತಿಲ್ಲ

ನಮ್ಮ ಸೋದರಮಾವ ಕಳ್ಳನಲ್ಲ. ಹುಚ್ಚನೂ ಅಲ್ಲ. ಇವೆರಡನ್ನೂ ನಾನು ಹರಿಹರದ ಬೇರೆಬೇರೆ ಓಣಿಗಳಲ್ಲಿ ಬೇರೆಬೇರೆ ಜನರಿಗೆ ಆಣೆ ಮಾಡಿ ಹೇಳಿದ್ದೇನೆ. ನಂಬಿದವರು ಕಡಿಮೆ. ಅವರನ್ನಾದರೂ ಹೇಗೆ ದೂರುವುದು? ಎಪ್ಪತ್ತು ದಾಟಿದ, ಬಿಳಿ ಪಂಚೆಯ, ದಪ್ಪ ಕನ್ನಡಕದ ಗೌರವಸ್ಥನೊಬ್ಬ ಮಟಮಟ ಮಧ್ಯಾಹ್ನ ನಿಮ್ಮ ಮನೆಯ ಕಬ್ಬಿಣದ ಗೇಟನ್ನು ಅರ್ಧ ತೆರೆದು, ಮುಚ್ಚಿ, ಮತ್ತೆ ಅರ್ಧ ತೆರೆದು, ಕಣ್ಣುಮುಚ್ಚಿ ನಿಂತಿದ್ದರೆ ನೀವೇನು ಮಾಡುತ್ತೀರಿ? ಆ ಮನೆಯ ಯಜಮಾನಿ ಮಾಡಿದ್ದನ್ನೇ ಮಾಡುತ್ತೀರಿ. ಪೊರಕೆ ಹಿಡಿದು ಹೊರಗೆ ಬರುತ್ತೀರಿ!

“ಯಾರ್ ಬೇಕಾಗಿತ್ರಿ?”

“ಯಾರೂ ಬ್ಯಾಡವ್ವ. ನಿಮ್ ಗೇಟು ಬೇಕಾಗಿತ್ತು.”

“ಗೇಟಾ?”

“ಕಿರ್ರ್ ಅಂತೈತೋ ಕೀಂಯ್ ಅಂತೈತೋ ಸರಿಯಾಗಿ ಗೊತ್ತಾಗ್ಲಿಲ್ಲ. ಎಣ್ಣೆ ಮಾತ್ರ ಬಿಡಬ್ಯಾಡ್ರಿ. ನಾಳೆ ಮತ್ತೆ ಬರ್ತೀನಿ.”

ಮರುದಿನ ಹೋಗಿ ನೋಡಿದರೆ ಆ ಗೇಟಿನ ತಿರುಗಣಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತಂತೆ. ಎಷ್ಟು ತಳ್ಳಿದರೂ ಪಿಟ್ಟೆನ್ನಲಿಲ್ಲವಂತೆ. ಮಾವ ಒಂದು ವಾರ ಸೂತಕದ ಮುಖ ಮಾಡಿಕೊಂಡಿದ್ದ. “ಹರಿಹರದಾಗೆ ಅಂಥ ಗೇಟು ಇನ್ನೊಂದಿಲ್ಲವ್ವ” ಎಂದು ನನಗೆ ಫೋನು ಮಾಡಿ ಗೋಳಾಡಿದ.

ಇಷ್ಟಕ್ಕೂ ಅವನಿಗೆ ಗೇಟು ಯಾಕೆ ಬೇಕಿತ್ತು? ಜಪಾನಿನ ಕಥೆಯೊಂದರಲ್ಲಿ ಒಬ್ಬ ಮುದುಕ ಹಳೇ ಬಾಗಿಲನ್ನು ತೆರೆಯುತ್ತಾನೆ. ಆ ಬಾಗಿಲು ಜಪಾನಿ ಭಾಷೆಯಲ್ಲಿ ಕಿರುಗುಟ್ಟುತ್ತದೆ. ಅದನ್ನು ಕನ್ನಡದಲ್ಲಿ ಕಿರುಗುಟ್ಟಿಸಬೇಕಾಗಿತ್ತು. ನಮ್ಮ ಮಾವ ಜಪಾನಿ ಕಥೆಗಳನ್ನು ಕನ್ನಡಕ್ಕೆ ಅನುವಾದ ಮಾಡುತ್ತಾನೆ. ಹೌದು, ಹರಿಹರದಲ್ಲಿ ಕೂತು! ನಗುವವರು ಈಗಲೇ ನಕ್ಕುಬಿಡಿ. ನಾನೂ ಮೊದಲು ನಕ್ಕವಳೇ.

ಇದರ ಮೂಲ ಹುಡುಕಿಕೊಂಡು ಹೋದರೆ ಒಂದು ಕೆಟ್ಟ ಬೇರಿಂಗ್ ಸಿಗುತ್ತದೆ. ಮಾವ ಹರಿಹರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಒಮ್ಮೆ ಅಲ್ಲಿಗೆ ಜಪಾನಿನಿಂದ ಒಂದು ಯಂತ್ರ ಬಂತು. ಯಂತ್ರದ ಹಿಂದೆ ಒಬ್ಬ ಇಂಜಿನಿಯರ್ ಬಂದರು. ಅವರ ಹಿಂದೆ ಒಬ್ಬ ದುಭಾಷಿ ಬಂದ. ದುಭಾಷಿ ಮೂರನೇ ದಿನ ನಮ್ಮ ಮಿರ್ಚಿಯನ್ನು ಅತಿಯಾಗಿ ನಂಬಿ, ಹೊಟ್ಟೆ ಹಿಡಿದುಕೊಂಡು ಲಾಡ್ಜಿನಲ್ಲಿ ಮಲಗಿಬಿಟ್ಟ. ಇತ್ತ ಯಂತ್ರ ಏನೋ ಸದ್ದು ಮಾಡತೊಡಗಿತು. ಇಂಜಿನಿಯರಿಗೆ ಕನ್ನಡ ಬಾರದು, ಮಾವನಿಗೆ ಜಪಾನಿ ಬಾರದು, ಇಂಗ್ಲಿಷ್ ಇಬ್ಬರಿಗೂ ಅಷ್ಟಕ್ಕಷ್ಟೆ.

“ಗಾತಾ ಗಾತಾ?” ಎಂದರಂತೆ ಇಂಜಿನಿಯರ್, ಯಂತ್ರದ ಕಡೆ ಬೆರಳು ಮಾಡಿ.

“ಇಲ್ರೀ, ಗಡಗಡ ಅಲ್ಲ,” ಎಂದನಂತೆ ಮಾವ. “ಕಟಕಟ ಅಂತೈತೆ. ಆಮ್ಯಾಲೆ ಕಿರ್ರ್.”

“ಆ! ಗಿಶಿ ಗಿಶಿ!”

“ಹೂಂನ್ರೀ, ಅದೇ!”

ಬೇರಿಂಗು ಒಣಗಿತ್ತು. ಹತ್ತು ನಿಮಿಷದಲ್ಲಿ ಸರಿಹೋಯಿತು. ಆದರೆ ಆ ಹತ್ತು ನಿಮಿಷದ ನಡುವೆ ಒಳಗೆ ಬಂದ ಮ್ಯಾನೇಜರ್ ಕಂಡದ್ದು, ಇಬ್ಬರು ವಯಸ್ಕ ಗಂಡಸರು ಎದುರುಬದುರು ನಿಂತು ಒಬ್ಬರ ಮುಖಕ್ಕೊಬ್ಬರು ಗಿಶಿಗಿಶಿ, ಕಿರ್ರ್‌ಕಿರ್ರ್ ಎನ್ನುತ್ತಾ ಕೈತಟ್ಟಿ ಕುಣಿಯುತ್ತಿರುವುದನ್ನು. “ಇಬ್ರಿಗೂ ಬಿಸ್ಲು ಬಡ್ದೈತಾ?” ಎಂದು ಕೇಳಿ, ಎರಡು ಲೋಟ ಮಜ್ಜಿಗೆ ಕಳಿಸಿದರಂತೆ. ಅಲ್ಲಿಂದ ಮುಂದೆ ದುಭಾಷಿ ಎದ್ದು ಬಂದರೂ ಅವನಿಗೆ ಕೆಲಸವಿರಲಿಲ್ಲ. ಊರಿಗೆ ಹೊರಡುವಾಗ ಇಂಜಿನಿಯರ್ ತಮ್ಮ ಚೀಲದಿಂದ ಒಂದು ಕಥೆಪುಸ್ತಕ ತೆಗೆದು ಮಾವನಿಗೆ ಕೊಟ್ಟರು. ಅದು ಬಹಳ ವರ್ಷ ಬೀರುವಿನಲ್ಲಿ ಅತ್ತೆಯ ರೇಷ್ಮೆ ಸೀರೆಗಳ ಕೆಳಗೆ ನುಸಿಗುಳಿಗೆಯ ವಾಸನೆ ಕುಡಿಯುತ್ತಾ ಮಲಗಿತ್ತು.

ನಿವೃತ್ತಿಯಾದ ಮೇಲೆ ಉಳಿದವರು ದೇವರಿಗೆಂದು ಉಕ್ಕಡಗಾತ್ರಿಗೆ ಹೋಗುತ್ತಾರೆ, ಸೈಟು ನೋಡುತ್ತಾರೆ, ಮೊಮ್ಮಕ್ಕಳನ್ನು ಶಾಲೆಗೆ ಬಿಡುತ್ತಾರೆ. ನಮ್ಮ ಮಾವ ಮೊಬೈಲು ಹಿಡಿದು ಜಪಾನಿ ಕಲಿಯಲು ಕೂತ. ಒಂದಲ್ಲ, ಎರಡಲ್ಲ, ಏಳು ವರ್ಷ ಕಲಿತ! ಆ ಪುಸ್ತಕವನ್ನು ಬೀರುವಿನಿಂದ ತೆಗೆದು, ಮೊದಲ ಕಥೆಯ ಮೊದಲ ಪುಟ ಓದಿದ ದಿನ ದಾವಣಗೆರೆಯ ನಮ್ಮ ಮನೆಗೆ ಬಸ್ಸು ಹತ್ತಿ ಓಡಿಬಂದ. ನಾನು ಹೈಸ್ಕೂಲಿನ ಕನ್ನಡ ಟೀಚರ್. ಅವನ ಲೆಕ್ಕದಲ್ಲಿ ಕನ್ನಡಕ್ಕೆ ಸಂಬಂಧಪಟ್ಟ ದೂರುಗಳೆಲ್ಲ ನನ್ನ ಕಚೇರಿಗೇ ಬರಬೇಕು.

“ಮೇಡಂ,” ಎಂದ. ಅವನು ನನ್ನನ್ನು ಕರೆಯುವುದೇ ಹಾಗೆ. “ಆ ಮಂದಿ ನಗೋದಕ್ಕೂ ಸದ್ದು ಇಟ್ಟಾರೆ ಕಣವ್ವ! ಸದ್ದಿಲ್ದಂಗೆ ಮುಗುಳ್ನಕ್ರೆ ನಿಕೊ ನಿಕೊ. ನಕ್ಷತ್ರ ಹೊಳದ್ರೆ ಕಿರಾ ಕಿರಾ. ಯಾರೂ ಮಾತಾಡ್ದೆ ಸುಮ್ನೆ ಕುಂತ್ರೆ ಅದಕ್ಕೂ ಒಂದು ಸದ್ದು. ಶೀ...ನ್!”

“ನಕ್ಷತ್ರಕ್ಕೆಲ್ಲಿ ಸದ್ದು ಮಾವ? ಏನೋ ಅವರ ಹುಚ್ಚು.”

“ಅವ್ರ ಹುಚ್ಚಾ? ಎಣ್ಣೆ ಹಚ್ಚಿದ ತಲೆ ಮಿರಮಿರ ಅಂತೈತಲ್ಲ, ಯಾವಾಗ ಅಂತು? ನೀ ಕೇಳಿದ್ಯಾ? ದೀಪ ಮಿಣಮಿಣ ಅಂದಿದ್ದು ಕೇಳಿದ್ಯಾ? ಮಂದಿಯಿಲ್ಲದ ಮನೆ ಬಿಕೋ ಅಂತೈತೆ ಅಂತೀವಿ. ಯಾವ ಮನೆ ನಿನ್ ಕಿವಿಯಾಗೆ ಬಂದು ಬಿಕೋ ಅಂದೈತೆ ಹೇಳು ನೋಡಾನ!”

ಹದಿನೆಂಟು ವರ್ಷ ಪಾಠ ಮಾಡಿದ್ದೇನೆ, ಇವನ್ನೆಲ್ಲ ಅನುಕರಣಾವ್ಯಯ ಎಂಬ ಒಂದು ಡಬ್ಬಿಗೆ ಹಾಕಿ, ಎರಡು ಅಂಕದ ಪ್ರಶ್ನೆಗೆ ಉದಾಹರಣೆ ಬರೆಸಿ ಮುಂದೆ ಹೋಗಿದ್ದೇನೆ. ಒಂದು ದಿನವೂ ಡಬ್ಬಿ ತೆರೆದು ಕಿವಿಯಿಟ್ಟಿರಲಿಲ್ಲ. ಆದರೆ ಸೋತೆ ಎಂದು ಮಾವನ ಮುಂದೆ ಒಪ್ಪಿಕೊಳ್ಳುವುದುಂಟೆ? ಚಹಾ ತರುತ್ತೇನೆಂದು ಒಳಗೆ ಹೋದೆ.

ಆಮೇಲೆ ಶುರುವಾಯಿತು ನೋಡಿ ಅವನ ತಿರುಗಾಟ! ಸದ್ದನ್ನು ನಿಘಂಟಿನಿಂದ ಎತ್ತಬಾರದು, ಅದನ್ನು ದಿನಾ ಕೇಳುವವರ ಬಾಯಿಂದಲೇ ತರಬೇಕು ಎಂಬುದು ಅವನ ಕಾನೂನು. ಒಂದು ಕಥೆಯಲ್ಲಿ ಭತ್ತದ ಗದ್ದೆಯ ಮೇಲೆ ಗಾಳಿ ಬೀಸುತ್ತದೆ. ಸರಿ, ಮಲೆಬೆನ್ನೂರಿನ ಬಸ್ಸು ಹತ್ತಿದ. ಅಲ್ಲಿಂದ ಯಾರದೋ ಟ್ರ್ಯಾಕ್ಟರಿನಲ್ಲಿ ಗದ್ದೆಯವರೆಗೆ ಹೋದ. ಬದುವಿನ ಮೇಲೆ ನಿಂತು, ಕಳೆ ಕೀಳುತ್ತಿದ್ದ ಹೆಂಗಸನ್ನು ವಿನಯದಿಂದ ಕೇಳಿದ.

“ಗಾಳಿ ಬಂದ್ರೆ ಭತ್ತ ಏನಂತೈತವ್ವ?”

ಆಕೆ ಸೊಂಟ ನೇರ ಮಾಡಿಕೊಂಡು ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳಂತೆ. “ಏನಂತೈತೆ? ಚಾನೆಲ್ಲಿಗೆ ನೀರ್ ಬಿಟ್ಟಿಲ್ಲ ಅಂತೈತೆ! ನೀವು ನೀರಾವರಿ ಆಫೀಸ್ನೋರೇನ್ರಿ?”

ಅಲ್ಲ ಎಂದು ನಂಬಿಸುವಷ್ಟರಲ್ಲಿ ಸುತ್ತ ನಾಲ್ಕು ಗದ್ದೆಯ ಜನ ಸೇರಿದ್ದರಂತೆ. ಮಾವ ಗಾಳಿಯ ಸದ್ದಿನ ಜೊತೆಗೆ ಅವರೆಲ್ಲರ ಒಂದು ಮನವಿಪತ್ರವನ್ನೂ ಹಿಡಿದು ವಾಪಸಾದ.

ಎಲ್ಲಕ್ಕಿಂತ ಕಷ್ಟವಾದದ್ದು ಹಿಮ. ಕಥೆಯಲ್ಲಿ ಒಬ್ಬಳು ಹಿಮದ ಮೇಲೆ ನಡೆದು ಹೋಗುತ್ತಾಳೆ, ಜಪಾನಿಯಲ್ಲಿ ಗ್ಯು ಗ್ಯು ಎಂದು. ನಮ್ಮಲ್ಲಿ ಹಿಮ ಕಂಡವರು ಯಾರು? ಫ್ರಿಜ್ಜಿನ ಫ್ರೀಜರ್ ಬಿಟ್ಟರೆ ನಮಗೆ ಬೇರೆ ಹಿಮಾಲಯವಿಲ್ಲ. ಮಾವ ಮರಳಿನ ಮೇಲೆ ನಡೆದ, ಹೊಟ್ಟಿನ ಮೇಲೆ ನಡೆದ, ನಮ್ಮ ಮನೆಯ ಒಂದು ಕಿಲೋ ಸಕ್ಕರೆಯ ಮೇಲೂ ನಡೆದ. ಯಾವುದೂ ಸರಿಹೋಗಲಿಲ್ಲ. ಕೊನೆಗೆ ಒಂದು ಭಾನುವಾರ ನನ್ನನ್ನೂ ಎಳೆದುಕೊಂಡು ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ಹೋದ.

ಭಟ್ಟಿಯ ಸಾಹೇಬರು ನಮ್ಮನ್ನು ಕಂಡು ಸ್ಟೂಲು ಎಳೆದರು. “ಬರ್ರಿ ಬರ್ರಿ, ಕೂಡ್ರಿ. ಎಷ್ಟ್ ಚೀಲ ಬೇಕಿತ್ತು?”

“ಚೀಲ ಬ್ಯಾಡ ಸಾಬ್ರೆ,” ಎಂದ ಮಾವ, ಎದುರಿಗೆ ಗುಡ್ಡದಂತೆ ಬಿದ್ದಿದ್ದ ಬಿಸಿಬಿಸಿ ಮಂಡಕ್ಕಿಯನ್ನು ಆಸೆಗಣ್ಣಿನಿಂದ ನೋಡುತ್ತಾ. “ಇದ್ರ ಮ್ಯಾಲೆ ಒಂದೀಟು ನಡೀಬೌದಾ?”

ಸಾಹೇಬರು ಕಿವಿ ಮುಟ್ಟಿಕೊಂಡರು. “ತೋಬಾ ತೋಬಾ! ತಿನ್ನೋ ಅನ್ನದ ಮ್ಯಾಲೆ ಕಾಲಿಡ್ತೀರೇನ್ರಿ? ನಿಮ್ ವಯಸ್ಸಿಗೆ ಇದು ಸರಿನಾ?”

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಆದರೆ ಮಾವ ನಾಚುವ ಜಾತಿಯವನಲ್ಲ. ಜಪಾನಿನ ಹೆಂಗಸಿನ ಕಥೆ ಪೂರ್ತಿ ಹೇಳಿದ. ಗಂಡ ಸತ್ತಿದ್ದಾನೆ, ಊರು ಬಿಟ್ಟು ಹೋಗುತ್ತಿದ್ದಾಳೆ, ಹಿಮ ಬಿದ್ದಿದೆ, ಹಿಂದೆ ತಿರುಗಿ ನೋಡುತ್ತಿಲ್ಲ, ಅವಳ ಹೆಜ್ಜೆಯ ಸದ್ದೊಂದೇ ಅವಳ ಜೊತೆಗಿದೆ. ಸಾಹೇಬರು ಎದ್ದು, ಮೂಲೆಯಲ್ಲಿ ಎಮ್ಮೆಗೆಂದು ಕೂಡಿಟ್ಟಿದ್ದ ಸೀದ ಮಂಡಕ್ಕಿಯ ಮೂಟೆ ಬಿಚ್ಚಿ ಗೋಣಿಯ ಮೇಲೆ ಸುರಿದರು. “ಇದ್ರ ಮ್ಯಾಲೆ ನಡೀರಿ. ಇದು ಅನ್ನ ಅಲ್ಲ, ಮೇವು.”

ಮಾವ ನಡೆದ. ಸಾಹೇಬರು, ಭಟ್ಟಿಯ ಮುಂದೆ ಕೂತ ಇಬ್ಬರು ಕೆಲಸದವರು, ನಾನು, ಎಲ್ಲರೂ ಉಸಿರು ಹಿಡಿದು ಕೇಳಿದೆವು.

“ಗರಕ್, ಗರಕ್,” ಎಂದ ಮಾವ.

“ಅಲ್ಲ ಸಾಬ್,” ಎಂದರು ಸಾಹೇಬರು. “ಅದು ನೀವು ಗಂಡ್ಸು ನಡ್ಯೋ ಸದ್ದು. ಗಂಡ ಹೋಗ್ಯಾನ, ಹಗೂರ ನಡೀತಾಳೆ ಆಕಿ. ಸುರುಕ್, ಸುರುಕ್.”

ನನ್ನ ಜೀವಮಾನದಲ್ಲಿ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು, ಬೇಕಾದರೆ ಯಾವ ವೇದಿಕೆಯ ಮೇಲೆ ಬೇಕಾದರೂ ಹೇಳುತ್ತೇನೆ! ಸಾಹೇಬರಿಗೆ ಅಂಥ ಕಿವಿ ಬಂದದ್ದು ಸುಮ್ಮನೆ ಅಲ್ಲ. ಬಿಸಿ ಮರಳಿಗೆ ಅಕ್ಕಿ ಬಿದ್ದರೆ ಮೊದಲು ಚಟ್ ಚಟ್ ಎನ್ನುತ್ತದೆ, ಆಮೇಲೆ ಪಟಪಟ, ಆ ಪಟಪಟ ಇಳಿಯುವ ಮೊದಲೇ ಎತ್ತಿ ಜರಡಿಗೆ ಹಾಕಬೇಕು ಎಂದು ವಿವರಿಸಿದರು. “ಹೊಗಿಯಾಗೆ ಕಣ್ಣು ಕಾಣಲ್ಲ. ನಮ್ದೆಲ್ಲ ಕಿವಿಮ್ಯಾಲೇ ನಡಿಯೋದು. ಸದ್ದು ನಿಂತ ಮ್ಯಾಲೆ ತೆಗದ್ರೆ ಎಮ್ಮಿಗೇ ಹಾಕ್ಬೇಕು.” ಹೊರಡುವಾಗ ಒಂದು ಚೀಲ ಒಳ್ಳೆಯ ಮಂಡಕ್ಕಿಯನ್ನೂ ಕಟ್ಟಿಕೊಟ್ಟರು. ಈಗ ಯಾರಾದರೂ ಹಿಮ ಹೇಗಿರುತ್ತದೆ ಎಂದು ಕೇಳಿದರೆ, ಖಾರ ಹಚ್ಚಿದರೆ ಬಹಳ ರುಚಿ ಎನ್ನುತ್ತಾನೆ ನಮ್ಮ ಮಾವ.

ಇಷ್ಟು ಹೊತ್ತು ಅತ್ತೆಯ ವಿಷಯ ಹೇಳದೆ ಮುಂದೆ ಹೋದೆ. ಹೇಳಲು ಮನಸ್ಸಿರಲಿಲ್ಲ, ಅಷ್ಟೆ. ಮಾವನ ಹೆಂಡತಿ, ನಮ್ಮ ಅತ್ತೆ, ಹರಿಹರದಲ್ಲೇ ದೊಡ್ಡ ಮಾತುಗಾತಿ. ಮಾರ್ಕೆಟ್ಟಿನಲ್ಲಿ ಬದನೆಕಾಯಿಯವನ ಜೊತೆ ಜಗಳಕ್ಕೆ ನಿಂತರೆ ಉಳಿದ ವ್ಯಾಪಾರಿಗಳು ತಕ್ಕಡಿ ಕೆಳಗಿಟ್ಟು ಕೇಳುತ್ತಿದ್ದರು. “ಇವ್ರು ಜಪಾನಿಗೆ ಹೋದ್ರೆ ಹೋಗ್ಲಿ, ಬರೋವಾಗ ಕರಿಬೇವು ತಂದ್ರೆ ಸಾಕು” ಎಂದು ಮಾವನನ್ನು ಎಲ್ಲರೆದುರು ಆಡಿಕೊಳ್ಳುತ್ತಿದ್ದಳು. ಎರಡು ವರ್ಷದ ಹಿಂದೆ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಸೋತಿತು. ಮಾತು ಹೋಯಿತು. ಎಲ್ಲ ತಿಳಿಯುತ್ತದೆ, ಹೇಳಬೇಕಾದದ್ದು ಬಾಯಿಯ ತನಕ ಬರುತ್ತದೆ, ಅಲ್ಲಿಂದ ವಾಪಸು ಹೋಗುತ್ತದೆ. ನಾನು ಭಾನುವಾರ ಹೋದಾಗಲೆಲ್ಲ ಕೈ ಹಿಡಿದುಕೊಂಡು “ಹೂಂ, ಹೂಂ” ಎನ್ನುತ್ತಿದ್ದಳು. ಎರಡು ವರ್ಷ ನಾನು ಅವಳ ಬಾಯಲ್ಲಿ ಕೇಳಿದ್ದು ಅದೊಂದೇ. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದೆ.

ಹೀಗಿರುವಾಗ ಮಾವನ ಹಸ್ತಪ್ರತಿ ಮುಗಿಯಿತು. ನಾನೇ ಅದನ್ನು ದಾವಣಗೆರೆಯ ಒಬ್ಬ ಪ್ರಕಾಶಕರಿಗೆ ಮುಟ್ಟಿಸಿದೆ. ತಿಂಗಳಾದ ಮೇಲೆ ಅಲ್ಲಿನ ಸಂಪಾದಕರ ಪತ್ರ ಬಂತು. “ಅನುವಾದ ಸರಾಗವಾಗಿದೆ. ಆದರೆ ಪುಟಪುಟದಲ್ಲೂ ಜಿಟಿಜಿಟಿ, ಪಟಪಟ, ಢವಢವ! ಇದು ಪ್ರೌಢ ಓದುಗರ ಪುಸ್ತಕ, ಶಿಶುವಿಹಾರವಲ್ಲ. ಇವು ಮಾತೇ ಅಲ್ಲ, ಬರೀ ಸದ್ದು. ಇವನ್ನೆಲ್ಲ ತೆಗೆದರೆ ಅಚ್ಚಿಗೆ ಕಳಿಸಬಹುದು.”

“ಪುಟಪುಟ ಅಂತ ಬರ್ದಾನಲ್ಲ, ಮೊದ್ಲು ಅದನ್ನ ತೆಗಿಯಾಕೆ ಹೇಳು!” ಎಂದ ಮಾವ. ಆಮೇಲೆ ಎದ್ದು ನಿಂತ. “ಒಂದು ಸದ್ದೂ ತೆಗಿಯಂಗಿಲ್ಲ. ಪುಸ್ತಕ ಬರದಿದ್ರೂ ಚಿಂತಿಲ್ಲ.”

ಆದರೆ ನನಗೆ ಚಿಂತೆಯಿತ್ತು. ಏಳು ವರ್ಷ ಕಲಿತು, ಮೂರು ವರ್ಷ ಬರೆದದ್ದು ಮತ್ತೆ ಬೀರುವಿನ ಸೀರೆಗಳ ಕೆಳಗೆ ಹೋಗಬೇಕೆ? ಬೇರೆ ಯಾವ ಪ್ರಕಾಶಕ ಈ ಮುದುಕನಿಗೆ ಬಾಗಿಲು ತೆರೆಯುತ್ತಾನೆ? ಅವನ ಕೈಯಲ್ಲಿ ಅವನ ಪುಸ್ತಕ ಇಡಬೇಕೆಂಬುದು ನನ್ನ ಆಸೆ. ಅವನಿಗೆ ಹೇಳದೆ ಹಸ್ತಪ್ರತಿಯ ಜೆರಾಕ್ಸ್ ಮಾಡಿಸಿ, ಅದರ ಮೇಲೆ ಕೆಂಪು ಪೆನ್ನು ಹಿಡಿದು ಕೂತೆ. “ಮಳೆ ಜಿಟಿಜಿಟಿ ಸುರಿಯುತ್ತಿತ್ತು” ಎಂಬುದನ್ನು “ಮಳೆ ಸಾಧಾರಣ ಪ್ರಮಾಣದಲ್ಲಿ ಸುರಿಯುತ್ತಿತ್ತು” ಎಂದು ಮಾಡಿದೆ. “ಎದೆ ಢವಢವ ಹೊಡೆದುಕೊಂಡಿತು” ಎಂಬುದು “ಹೃದಯಬಡಿತ ಹೆಚ್ಚಾಯಿತು” ಎಂದಾಯಿತು. ನೂಡಲ್ಸನ್ನು ಸೊರ್ ಸೊರ್ ಎಳೆದುಕೊಳ್ಳುತ್ತಿದ್ದ ಮುದುಕ ನನ್ನ ಕೈಗೆ ಸಿಕ್ಕಿ ಅದನ್ನು “ಸಶಬ್ದವಾಗಿ ಸೇವಿಸಿದ”!

ಹತ್ತು ಪುಟ ತಿದ್ದಿ ಮಾವನಿಗೆ ತೋರಿಸಿದೆ. ಓದಿದ.

“ಮಳಿ ಬಿದ್ರೆ ರೇಡಿಯೋದಾಗೆ ವರದಿ ಓದಿದಂಗೈತೆ. ಹೃದಯಬಡಿತ ಹೆಚ್ಚಾತು ಅಂದ್ರೆ ಡಾಕ್ಟ್ರನ್ನ ಕರೀಬೇಕು ಕಣವ್ವ, ಓದುಗ್ರನ್ನಲ್ಲ.”

ಪೆನ್ನು ಹಿಡಿದವರಿಗೆ ಗೇಲಿ ತಡೆಯಲಾಗುವುದಿಲ್ಲ. ನನಗೂ ಸಿಟ್ಟು ನೆತ್ತಿಗೇರಿತು. “ಅತ್ತೆ ಮಾತು ಕಳ್ಕೊಂಡು ಒಳಗೆ ಕೂತಾಳೆ. ನಿನಗೆ ಜಪಾನಿನ ಮಳೆ ಹೆಂಗೆ ಸದ್ದು ಮಾಡ್ತೈತೆ ಅನ್ನೋದೇ ದೊಡ್ಡದಾತಾ ಮಾವ?” ಎಂದುಬಿಟ್ಟೆ.

ಮಾವ ಆ ಹತ್ತು ಪುಟವನ್ನು ನನ್ನ ಮಡಿಲಿಗಿಟ್ಟು, ಎದ್ದು ಒಳಗೆ ಅತ್ತೆಯ ಬಳಿಗೆ ಹೋದ. ಒಂದು ತಿಂಗಳು ನಾವಿಬ್ಬರೂ ಮಾತಾಡಲಿಲ್ಲ. ಭಾನುವಾರಗಳಂದು ನಾನು ಹರಿಹರಕ್ಕೆ ಹೋಗುವುದನ್ನೂ ಬಿಟ್ಟೆ. ಆದರೆ ಪೆನ್ನು ಬಿಡಲಿಲ್ಲ. ನಮ್ಮ ಮನೆತನದ ಹಟ ಮಾವನೊಬ್ಬನ ಸೊತ್ತೇನಲ್ಲವಲ್ಲ! ಇಡೀ ಪುಸ್ತಕವನ್ನು ಸದ್ದಿಲ್ಲದಂತೆ ಮಾಡಿ, ಚೊಕ್ಕವಾಗಿ ಟೈಪು ಮಾಡಿಸಿದೆ. ಸೋಮವಾರದೊಳಗೆ ಅನುವಾದಕರ ಸಹಿ ಬೇಕು, ಇಲ್ಲದಿದ್ದರೆ ಇಲ್ಲ ಎಂದರು ಸಂಪಾದಕರು. ಶನಿವಾರ ಶಾಲೆ ಬಿಟ್ಟವಳೇ ಆ ಪ್ರತಿ ಹಿಡಿದು ಹರಿಹರದ ಬಸ್ಸು ಹತ್ತಿದೆ.

ಮೆಟ್ಟಿಲ ಬಳಿ ಚಪ್ಪಲಿ ಬಿಡುವಾಗ ಒಳಗೆ ಮಾವ ಗಟ್ಟಿಯಾಗಿ ಓದುವುದು ಕೇಳಿಸಿತು. ಪಡಸಾಲೆಯಲ್ಲಿ ಅತ್ತೆ ಕುರ್ಚಿಯ ಮೇಲೆ ಕೂತಿದ್ದಳು. ಮಾವ ಅವಳೆದುರು ನೆಲದ ಮೇಲೆ, ತೊಡೆಯ ಮೇಲೆ ತನ್ನ ಹಳೇ ಹಸ್ತಪ್ರತಿ ಇಟ್ಟುಕೊಂಡು ಕೂತಿದ್ದ. ನನ್ನನ್ನು ಇಬ್ಬರೂ ನೋಡಲಿಲ್ಲ.

“ಸಂಜೆಯಿಂದ ಮಳೆ...” ಎಂದು ಓದಿ ಮಾವ ನಿಲ್ಲಿಸಿದ. ತಲೆಯೆತ್ತಿ ಅತ್ತೆಯ ಮುಖ ನೋಡಿದ.

ಅತ್ತೆಯ ತುಟಿ ಅಲುಗಿತು. ಕೊರಳಿನ ನರ ಬಿಗಿಯಿತು. “ಜಿ... ಜಿಟಿ. ಜಿಟಿ.”

“...ಸುರಿಯುತ್ತಲೇ ಇತ್ತು. ಕೊಡೆಯಿಲ್ಲದೆ ಓಡಿಬಂದ ಹುಡುಗಿಯ ಎದೆ...”

“ಢವ! ಢವ!”

“...ಹೊಡೆದುಕೊಳ್ಳುತ್ತಿತ್ತು.”

ಅತ್ತೆ ಮಾತಾಡುತ್ತಿದ್ದಳು! ಎರಡು ವರ್ಷ “ಹೂಂ” ಎಂಬುದೊಂದನ್ನೇ ಕೇಳಿದ ಕಿವಿಗೆ ಅವಳ ಗಟ್ಟಿ ದನಿ ಬಿತ್ತು. ಕಥೆಯನ್ನು ಇಬ್ಬರೂ ಹಂಚಿಕೊಂಡು ಹೇಳುತ್ತಿದ್ದರು. ವಾಕ್ಯವೆಲ್ಲ ಅವನದು, ಅದರೊಳಗಿನ ಸದ್ದು ಅವಳದು.

ಮಾವ ನನ್ನನ್ನು ನೋಡಿದ. ಕೈಯಲ್ಲಿದ್ದ ಪ್ರತಿಯನ್ನೂ ನೋಡಿದ. “ಕೊಡಿಲ್ಲಿ” ಎಂದು ಇಸಿದುಕೊಂಡು, ಸಿಟ್ಟಿಲ್ಲದೆ, ಅದೇ ಪುಟ ತೆಗೆದು ಅದೇ ದನಿಯಲ್ಲಿ ಓದಿದ. “ಸಂಜೆಯಿಂದ ಮಳೆ ಸಾಧಾರಣ ಪ್ರಮಾಣದಲ್ಲಿ ಸುರಿಯುತ್ತಲೇ ಇತ್ತು.” ಅತ್ತೆ ತುಟಿ ತೆರೆದು ಸಿದ್ಧವಾಗಿದ್ದಳು. ವಾಕ್ಯ ಅವಳನ್ನು ದಾಟಿ ಹೋಯಿತು. “ಕೊಡೆಯಿಲ್ಲದೆ ಓಡಿಬಂದ ಹುಡುಗಿಯ ಹೃದಯಬಡಿತ ಹೆಚ್ಚಾಗಿತ್ತು.” ಅದೂ ದಾಟಿತು. ಮಾವ ಒಂದು ಪುಟ ಪೂರ್ತಿ ಓದಿದ. ಅವಳ ಸರದಿ ಬರಲೇ ಇಲ್ಲ. ಅವಳು ಮಾವನ ಮುಖವನ್ನೂ ಆ ಬಿಳಿ ಹಾಳೆಯನ್ನೂ ಮತ್ತೆ ಮತ್ತೆ ನೋಡಿ, ನಿಧಾನವಾಗಿ ಬಾಯಿ ಮುಚ್ಚಿಕೊಂಡಳು.

ಆ ಪುಟದಿಂದ ಅವಳನ್ನು ಅಳಿಸಿಹಾಕಿದವಳು ನಾನು. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

“ಯಾಕೆ ಹೇಳಲಿಲ್ಲ ಮಾವ?” ಎಂದೆ.

“ಒಂದ್ ವರ್ಷ ಆತವ್ವ. ಇಕಿಗೆ ಬ್ಯಾರೆ ಮಾತು ಸಿಗ್ತಿಲ್ಲ, ಇವು ಸಿಗ್ತಾವೆ. ಯಾಕ ಅಂತ ನಂಗೊತ್ತಿಲ್ಲ. ಯಾರಾದ್ರೂ ಬಂದ್ರೆ ನಾಚ್ಕಂಡು ಬಾಯಿ ಮುಚ್ತಾಳೆ, ಅದ್ಕೇ ಇಬ್ರೇ ಇದ್ದಾಗ ಓದ್ತೀವಿ.” ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದ. “ಹೇಳಿದ್ರೆ ಏನ್ ಮಾಡ್ತಿದ್ದಿ? ಅಯ್ಯೋ ಪಾಪ ಅಂತಿದ್ದಿ. ಆ ಸಂಪಾದ್ಕನೂ ಪಾಪ ಅಂತ ಅಚ್ಚು ಹಾಕ್ತಿದ್ದ. ನಂಗೆ ಪಾಪ ಬ್ಯಾಡ ಮೇಡಂ. ಇವು ಮಾತು. ಮಾತು ಅಂತಾನೇ ಅಚ್ಚಾಗ್ಬೇಕು.”

ನಾನು ಅಲ್ಲೇ ನಿಂತು ಸಂಪಾದಕರಿಗೆ ಫೋನು ಮಾಡಿದೆ. ಒಂದು ಸದ್ದೂ ತೆಗೆಯುವುದಿಲ್ಲ ಎಂದೆ. ಅವರು ಗಾಂಭೀರ್ಯ, ಪ್ರೌಢಿಮೆ, ಪ್ರಕಾಶನದ ಗೌರವ ಎಂದೆಲ್ಲ ಶುರುಮಾಡಿದರು. “ನಿಮ್ ಗಾಂಭೀರ್ಯ ನೀವೇ ಇಟ್ಕೊಳ್ರಿ” ಎಂದೆ. ಹಾಗಾದರೆ ನಮ್ಮಲ್ಲಿ ಆಗುವುದಿಲ್ಲ ಎಂದರು. “ಆಗದಿದ್ರೆ ಬ್ಯಾಡ ಬಿಡ್ರಿ! ದಾವಣಗೆರೆಯಾಗೆ ಅಚ್ಚಿನ ಮೆಷಿನ್ ನಿಮ್ದೊಂದೇ ಅಲ್ಲ. ನಾವೇ ಹಾಕಿಸ್ತೀವಿ.” ಅತ್ತೆಯ ವಿಷಯ ಒಂದಕ್ಷರ ಎತ್ತಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ಕನ್ನಡಕ್ಕೆಂದು ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದೇ ಎಂದು ಇಂದಿಗೂ ನಂಬಿದ್ದೇನೆ.

“ಕೂಡು,” ಎಂದ ಮಾವ. “ಕಥಿ ಅರ್ಧಕ್ಕೆ ನಿಂತೈತೆ.”

ನಾನು ಕೂತೆ. ಅತ್ತೆ ನನ್ನ ಕಡೆ ನೋಡಿ ಸ್ವಲ್ಪ ಹಿಂಜರಿದಳು. ಮಾವ ಹಳೇ ಹಸ್ತಪ್ರತಿ ತೆಗೆದು ಮುಂದಕ್ಕೆ ಓದಿದ. ಹುಡುಗಿ ಮನೆ ಸೇರಿದಳು. ಅವಳ ತಾಯಿಗೆ ಕೆಟ್ಟ ಸುದ್ದಿ ತಿಳಿದಿತ್ತು. “ಅಡಿಗೆಮನೆಯ ಮೂಲೆಯಲ್ಲಿ, ಗೋಡೆಯ ಕಡೆ ತಿರುಗಿ, ಯಾರಿಗೂ ಮುಖ ತೋರಿಸದೆ, ಅವಳ ತಾಯಿ...” ಎಂದು ನಿಲ್ಲಿಸಿದ. ಹಾಳೆಯಲ್ಲಿ “ಗಳಗಳ” ಎಂದು ಬರೆದಿತ್ತು. ನನಗೆ ಕಾಣುತ್ತಿತ್ತು.

ಅತ್ತೆ ಸುಮ್ಮನಿದ್ದಳು. “ಗ...” ಎಂದು ಮಾವ ಎತ್ತಿಕೊಟ್ಟ.

ಅತ್ತೆ ತಲೆಯಾಡಿಸಿದಳು. “ಅಲ್ಲ.”

ನಾವಿಬ್ಬರೂ ಅವಳ ಮುಖ ನೋಡಿದೆವು. ಅದು ಸದ್ದಲ್ಲ, ಪುಸ್ತಕದಲ್ಲೂ ಇರಲಿಲ್ಲ.

“ಅ... ಲ್ಲ,” ಎಂದಳು ಮತ್ತೆ, ಬೆವರುತ್ತಾ. “ಮುಳು. ಮುಳು.”

ಮಾವ ಎದ್ದು ಬೀರುವಿನಿಂದ ಆ ಜಪಾನಿ ಪುಸ್ತಕ ತಂದು, ಸಾಲು ಹುಡುಕಿ ಬೆರಳಿಟ್ಟ. “ಶಿಕು ಶಿಕು ಅಂತೈತೆ. ಯಾರಿಗೂ ಕೇಳದಂಗೆ ಅಳೋದು,” ಎಂದ ನಿಧಾನವಾಗಿ. “ಇಕಿ ಹೇಳಿದ್ದೇ ಸರಿ.” ಅಷ್ಟು ಸರಿಯಾಗಿ ಅವಳಿಗೆ ಹೇಗೆ ಗೊತ್ತಾಯಿತೆಂದು ನಾವಿಬ್ಬರೂ ಕೇಳಲಿಲ್ಲ. ಎರಡು ವರ್ಷ ಆ ಮನೆಯ ಯಾವುದೋ ಮೂಲೆಯಲ್ಲಿ ಗೋಡೆಯ ಕಡೆ ತಿರುಗಿ ಅವಳೂ ಹಾಗೇ ಅತ್ತಿದ್ದಾಳೆ ಎಂದು ನನಗೆ ತಿಳಿಯಿತು. ಮಾವನಿಗೂ ತಿಳಿಯಿತು.

ಸಂಪಾದಕರಿಗೆ ಬಗ್ಗದವನು, ನನಗೆ ಬಗ್ಗದವನು, ನನ್ನ ಚೀಲಕ್ಕೆ ಕೈಹಾಕಿ ಕೆಂಪು ಪೆನ್ನು ತೆಗೆದುಕೊಂಡ. ತಾನೇ ಬರೆದ “ಗಳಗಳ”ವನ್ನು ಹೊಡೆದುಹಾಕಿ, ಅದರ ಮೇಲೆ ದುಂಡಗೆ “ಮುಳುಮುಳು” ಎಂದು ಬರೆದು, ಹಾಳೆಯನ್ನು ಅತ್ತೆಯ ಕಣ್ಣೆದುರು ಹಿಡಿದ. ಅವಳು ನೋಡಿ “ಹೂಂ” ಎಂದಳು.

ಮಾವ ಪೆನ್ನನ್ನು ನನ್ನ ಕಡೆ ಚಾಚಿದ.

“ನಿನ್ ಪ್ರತಿಯಾಗೂ ಬರ್ಕಳವ್ವ ಮೇಡಂ. ನಮ್ಮನಿ ಸಂಪಾದಕ್ರು ತಿದ್ಯಾರೆ.”